ಹಳೆಯ ಅಗ್ನಿಶಾಮಕ ಠಾಣೆಯನ್ನು ಕೆಡವುವ ಮುನ್ನ

ಮಾನ್ಯ ಸಂಪಾದಕರೇ,

ನಮ್ಮೂರಿನ ಪೇಟೆಬೀದಿಯ ತುದಿಯಲ್ಲಿರುವ ಹಳೆಯ ಅಗ್ನಿಶಾಮಕ ಠಾಣೆಯನ್ನು ಕೆಡವಿ, ಆ ಜಾಗದಲ್ಲಿ ಬಾಡಿಗೆ ಮಳಿಗೆಗಳನ್ನು ಕಟ್ಟುವ ಮಾತು ಕೆಲವು ತಿಂಗಳಿಂದ ಕೇಳಿಬರುತ್ತಿದೆ. ಅದೇ ಬೀದಿಯಲ್ಲಿ ಹುಟ್ಟಿ ಬೆಳೆದು, ಶಿಕ್ಷಕಿಯಾಗಿ ನಿವೃತ್ತಳಾದ ನಾನು ಈ ಯೋಜನೆಯನ್ನು ಮರುಪರಿಶೀಲಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಜಂಬಿಟ್ಟಿಗೆ ಗೋಡೆ, ಮಂಗಳೂರು ಹೆಂಚಿನ ಮಾಡು, ಬೀದಿಗೆ ನೇರವಾಗಿ ತೆರೆಯುವ ಎರಡು ದೊಡ್ಡ ಬಾಗಿಲುಗಳಿರುವ ಈ ಕಟ್ಟಡ ಮೊದಲಿಗೆ ಪುರಸಭೆಯ ನೀರಿನ ಬಂಡಿಗಳನ್ನು ನಿಲ್ಲಿಸುವ ಕೊಟ್ಟಿಗೆಯಾಗಿತ್ತೆಂದು ನನ್ನ ತಂದೆಯವರು ಹೇಳುತ್ತಿದ್ದರು. 1964ರ ಕಾಯ್ದೆಯ ಮೂಲಕ ಅಗ್ನಿಶಾಮಕ ದಳ ರಾಜ್ಯಮಟ್ಟದ ವ್ಯವಸ್ಥೆಯಾದ ನಂತರದ ವರ್ಷಗಳಲ್ಲಿ ಅಲ್ಲಿಗೆ ಕೆಂಪು ಗಾಡಿ ಬಂತು, ಮಹಡಿಯಲ್ಲಿ ಸಿಬ್ಬಂದಿಗೆ ಮಲಗುವ ಕೋಣೆಯಾಯಿತು, ಹಿತ್ತಿಲಲ್ಲಿ ಒಂದು ಗೋಪುರ ಎದ್ದಿತು.

ಆ ಗೋಪುರವನ್ನು ಕಾವಲಿಗೆ ಕಟ್ಟಿದ್ದೆಂದು ಹೊಸಬರು ತಿಳಿಯುತ್ತಾರೆ. ಆದರೆ ಅದು ಪೈಪು ಒಣಗಿಸುವ ಗೋಪುರ. ಆಗಿನ ಪೈಪುಗಳು ಕ್ಯಾನ್ವಾಸಿನವಾಗಿದ್ದು, ಬೆಂಕಿ ಆರಿಸಿ ಬಂದ ಮೇಲೆ ಒದ್ದೆಯಾಗಿಯೇ ಸುತ್ತಿಟ್ಟರೆ ಬೂಷ್ಟು ಹಿಡಿದು ನಾರು ಕೊಳೆಯುತ್ತಿತ್ತು. ಹೀಗೆ ಕೊಳೆತ ಪೈಪು ಮುಂದಿನ ಬೆಂಕಿಯ ಹೊತ್ತಿಗೆ ಪಂಪಿನ ಒತ್ತಡ ತಾಳದೆ ಒಡೆಯುತ್ತಿತ್ತು. ಆದ್ದರಿಂದ ಅದನ್ನು ತೊಳೆದು, ರಾಟೆಯಿಂದ ಮೇಲೆಳೆದು, ನೀರು ಬಸಿಯುವಂತೆ ಉದ್ದಕ್ಕೆ ಇಳಿಬಿಡುತ್ತಿದ್ದರು. ಮಳೆಗಾಲದ ನಾಲ್ಕು ತಿಂಗಳು ಬಟ್ಟೆಯೇ ಒಣಗದ ನಮ್ಮ ಸೀಮೆಯಲ್ಲಿ ಇದೆಷ್ಟು ಕಷ್ಟದ ಕೆಲಸವಾಗಿತ್ತೆಂಬುದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇಸಗೆಯಲ್ಲಿ ಹುಲ್ಲಿನ ಬಣವೆಗೋ ಸೊಪ್ಪಿನಬೆಟ್ಟದಲ್ಲಿ ಉದುರಿದ ಒಣ ಎಲೆಯ ದರಗಿಗೋ ಬೆಂಕಿ ಬಿದ್ದ ಮರುದಿನ, ಗೋಪುರದಿಂದ ಬಿಳಿಯ ಪೈಪುಗಳು ಸಾಲಾಗಿ ಇಳಿಬಿದ್ದಿರುವುದನ್ನು ನೋಡಿಯೇ ನಾವು ಮಕ್ಕಳು ರಾತ್ರಿ ಎಲ್ಲೋ ಅನಾಹುತವಾಗಿದೆಯೆಂದು ತಿಳಿಯುತ್ತಿದ್ದೆವು.

ಮುಂದೆ ಗಾಡಿಗಳು ದೊಡ್ಡವಾದವು, ನೀರಿನ ಟ್ಯಾಂಕು ಎತ್ತರವಾಯಿತು, ಬಾಗಿಲು ಸಾಲದೆ ಠಾಣೆ ಊರಾಚೆಯ ವಿಶಾಲ ಜಾಗಕ್ಕೆ ಹೋಯಿತು. ಅದು ಸರಿಯಾದ ತೀರ್ಮಾನವೇ. ಆ ಮೇಲೆ ಕಟ್ಟಡ ಪಡಿತರದ ಗೋದಾಮಾಯಿತು, ಚುನಾವಣೆ ಬಂದಾಗ ಮತಗಟ್ಟೆಯಾಯಿತು. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ಬಡಾವಣೆಗಳಿಗೆ ನೀರು ನುಗ್ಗಿದಾಗ, ನಮ್ಮೂರಿನವರು ಮನೆಮನೆಯಿಂದ ಕೊಟ್ಟ ಅಕ್ಕಿ, ಕಂಬಳಿಗಳನ್ನು ಕೂಡಿಟ್ಟು ಲಾರಿಗೆ ತುಂಬಿದ್ದು ಇದೇ ಬಾಗಿಲಿನಿಂದ. ಗಾಡಿ ನಿಲ್ಲಲೆಂದು ನಡುವೆ ಕಂಬವಿಲ್ಲದಂತೆ ಕಟ್ಟಿದ ಅಂಗಳದಂಥ ಕೋಣೆ ಮತ್ತು ಲಾರಿ ಹಿಮ್ಮುಖವಾಗಿ ಬಂದು ನಿಲ್ಲಬಹುದಾದ ಬಾಗಿಲು ಪೇಟೆಯೊಳಗೆ ಬೇರೆಲ್ಲಿಯೂ ಇಲ್ಲ. ಈಗ ಮಾತ್ರ ಅದಕ್ಕೆ ಬೀಗ ಬಿದ್ದಿದೆ. ನಾಲ್ಕಾರು ಹೆಂಚು ಒಡೆದು ಮಹಡಿಯ ಹಲಗೆಗೆ ನೀರು ಇಳಿಯುತ್ತಿದೆ.

ಹಳೆಯ ಅಗ್ನಿಶಾಮಕ ಠಾಣೆಗಳು ಬೇರೆ ಊರುಗಳಲ್ಲಿ ಹೇಗೆ ಬಾಳುತ್ತಿವೆ ಎಂಬುದನ್ನು ಗಮನಿಸಬೇಕು. ನ್ಯೂಯಾರ್ಕಿನ ಲಫಾಯೆಟ್ ಬೀದಿಯಲ್ಲಿ 1895ರಲ್ಲಿ ಕಟ್ಟಿದ ಠಾಣೆ ಇಂದು ಸಾಕ್ಷ್ಯಚಿತ್ರ ತಯಾರಿಸುವವರ ಮತ್ತು ಕಲಿಸುವವರ ನೆಲೆಯಾಗಿದೆ; ಅದೇ ನಗರದ ಸ್ಪ್ರಿಂಗ್ ಬೀದಿಯ 1904ರ ಠಾಣೆ ಮುಂದೆ ಅಗ್ನಿಶಾಮಕ ವಸ್ತುಸಂಗ್ರಹಾಲಯವಾಯಿತು. ಸಿಂಗಪುರದ ಹಿಲ್ ಸ್ಟ್ರೀಟಿನಲ್ಲಿ ನೂರು ವರ್ಷ ದಾಟಿದ ಕೇಂದ್ರ ಠಾಣೆ ಇನ್ನೂ ಕೆಲಸ ಮಾಡುತ್ತಿದ್ದು, ಅದರೊಳಗೇ ಜನರಿಗೆ ತೆರೆದ ಪ್ರದರ್ಶನಾಲಯವಿದೆ. ಅಷ್ಟು ದೂರ ಹೋಗುವುದೂ ಬೇಡ. ಶಿವಮೊಗ್ಗದ ಶಿವಪ್ಪನಾಯಕ ಅರಮನೆ ವಸ್ತುಸಂಗ್ರಹಾಲಯವಾಗಿ ಉಳಿದಿದೆ. ಅಲ್ಲಿನ ಜೈಲು ಊರಾಚೆಯ ಸೋಗಾನೆಗೆ ಹೋದ ಮೇಲೆ ಹಳೆಯ ಜೈಲಿನ ಆವರಣ ಫ್ರೀಡಂ ಪಾರ್ಕ್ ಆಗಿ, ಊರಿನ ಸಭೆ ಸಮಾರಂಭಗಳಿಗೆ ಒದಗುತ್ತಿದೆ.

ಮಳಿಗೆಗಳಿಂದ ಬಾಡಿಗೆ ಬರುತ್ತದೆ ಎಂಬ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಣ್ಣ ಊರಿನ ಆಡಳಿತಕ್ಕೆ ಆದಾಯ ಬೇಕೇ ಬೇಕು. ಆದರೆ ಮಳಿಗೆ ಕಟ್ಟಲು ಬಸ್ ನಿಲ್ದಾಣದ ಪಕ್ಕದಲ್ಲಿ ಖಾಲಿ ಜಾಗವಿದೆ. ಠಾಣೆಯ ಕೆಳಗಿನ ಅಂಕಣವನ್ನು ಸಭೆ, ತಾಳಮದ್ದಳೆ, ಸ್ವಸಹಾಯ ಸಂಘಗಳ ಸಂತೆಗೆ ದಿನಬಾಡಿಗೆಯ ಮೇಲೆ ಕೊಟ್ಟು, ಮಹಡಿಯನ್ನು ವಾಚನಾಲಯ ಮಾಡಿದರೆ ದುರಸ್ತಿಯ ಖರ್ಚಿನ ಒಂದು ಪಾಲು ಅಲ್ಲಿಂದಲೇ ಹುಟ್ಟುತ್ತದೆ.

ಇದರ ಜೊತೆಗೆ ಇನ್ನೊಂದು ಉಪಯೋಗ ನನ್ನ ಮನಸ್ಸಿನಲ್ಲಿದೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹಡಗು ಸ್ಫೋಟಗೊಂಡಾಗ ಮಡಿದ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ಪ್ರತಿವರ್ಷ ಅಂದಿನಿಂದ ಒಂದು ವಾರ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆ ವಾರ ಹೊಸ ಠಾಣೆಯ ಸಿಬ್ಬಂದಿ ಹಳೆಯ ಠಾಣೆಗೆ ಬಂದು, ಅಡುಗೆ ಅನಿಲ ಸೋರಿದರೆ ಏನು ಮಾಡಬೇಕು, ಬೆಟ್ಟಕ್ಕೆ ಬೆಂಕಿ ಬಿದ್ದರೆ ಗಾಳಿಯ ದಿಕ್ಕು ನೋಡಿ, ಉರಿ ಮುಂದೆ ಹಬ್ಬದಂತೆ ಹುಲ್ಲು ದರಗು ತೆಗೆದು ಹೇಗೆ ಬೆಂಕಿರೇಖೆ ಕಡಿಯಬೇಕು ಎಂಬುದನ್ನು ಹಳ್ಳಿಗಳ ಯುವಕ ಯುವತಿಯರಿಗೆ ಕಲಿಸಬಹುದು. ಒಂದು ಗಾಡಿ ಇಡೀ ತಾಲ್ಲೂಕಿನ ಘಟ್ಟ, ತಿರುವುಗಳನ್ನು ದಾಟಿ ಬರುವ ಹೊತ್ತಿಗೆ ಎಷ್ಟೋ ಸಲ ಬಣವೆಯಷ್ಟೇ ಅಲ್ಲ, ಕೊಟ್ಟಿಗೆಯೂ ಉರಿದುಹೋಗಿರುತ್ತದೆ. ಇಂಥ ತರಬೇತಿಗೆ ಪೇಟೆಯ ನಡುವೆ ಇದಕ್ಕಿಂತ ಅನುಕೂಲವಾದ ಸ್ಥಳ ಸಿಗುವುದಿಲ್ಲ.

ಸಂಬಂಧಪಟ್ಟವರು ಕೆಡವುವ ಪ್ರಸ್ತಾವವನ್ನು ತಡೆಹಿಡಿದು, ತಜ್ಞ ಎಂಜಿನಿಯರರಿಂದ ಗೋಡೆ ಹಾಗೂ ಮಾಡಿನ ಪರೀಕ್ಷೆ ಮಾಡಿಸಿ, ವರದಿಯನ್ನು ವಾರ್ಡಿನ ಜನರ ಮುಂದಿಡಬೇಕು. ಪರೀಕ್ಷೆ ತಡವಾದರೂ ಚಿಂತೆಯಿಲ್ಲ. ಒಡೆದ ಹೆಂಚುಗಳನ್ನು ಮಾತ್ರ ಈ ಮಳೆಗಾಲಕ್ಕೆ ಮೊದಲು ಬದಲಾಯಿಸಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಶಿವಮೊಗ್ಗ ಜಿಲ್ಲೆ