ಆ ಯಂತ್ರದ ಬಾಯಿಗೆ ಕೈ ಹಾಕಬೇಡ, ಮಗಳೇ

ಗದಗ

ಚಿ. ಸೌ. ವಿದ್ಯಾಳಿಗೆ ನಿನ್ನ ದೊಡ್ಡಪ್ಪನ ಅನೇಕ ಆಶೀರ್ವಾದಗಳು.

ಇಲ್ಲಿಯ ಕ್ಷೇಮ ಸಮಾಚಾರವನ್ನೆಲ್ಲ ನಿನ್ನ ಅವ್ವ ಫೋನಿನಲ್ಲಿ ಹೇಳಿಯೇ ಇರುತ್ತಾಳೆ. ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನ ಪತ್ರದಲ್ಲಿ ನೀನು ಹಗುರಾಗಿ ಬರೆದು ಮುಂದೆ ಸಾಗಿದ ಒಂದು ಸಾಲು ನನ್ನನ್ನು ಬಿಡದೆ ಕಾಡುತ್ತಿದೆ. ಸಿಂಕಿನ ಕೆಳಗಿರುವ, ಮುಸುರೆಯನ್ನು ಅರೆದು ನೀರಿನೊಡನೆ ಹರಿಯಬಿಡುವ ಗಾರ್ಬೇಜ್ ಡಿಸ್ಪೋಸಲ್ ಯಂತ್ರ ನಾರುತ್ತಿತ್ತು, ಒಳಗೆ ಕೈ ಹಾಕಿ ಲೋಳೆಯನ್ನೆಲ್ಲ ಬಳಿದು ತೆಗೆದೆ, ಕೂಸು ಪಕ್ಕದ ಕಟ್ಟೆಯ ಮೇಲೆ ಕುಳಿತು ನೋಡುತ್ತಿತ್ತು ಎಂದು ಬರೆದಿದ್ದೀಯ. ಆ ಕೂಸಿಗೆ ಈಗ ಕಂಡ ಸ್ವಿಚ್ಚನ್ನೆಲ್ಲ ಒತ್ತುವ ಚಟ ಹತ್ತಿದೆ ಎಂದು ಅದೇ ಪತ್ರದ ಮೊದಲ ಪುಟದಲ್ಲಿದೆ. ಯಂತ್ರದ ಸ್ವಿಚ್ ಸಿಂಕಿನ ಮಗ್ಗುಲಿನ ಗೋಡೆಯಲ್ಲಿ, ದೀಪದ ಸ್ವಿಚ್ಚಿನ ಜೊತೆಗೇ ಇದೆ ಎಂದು ನೀನೇ ಹಿಂದೊಮ್ಮೆ ಹೇಳಿದ್ದೆ. ಇವಿಷ್ಟನ್ನೂ ಕೂಡಿಸಿ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅದರಲ್ಲಿ ಬ್ಲೇಡ್ ಇರುವುದಿಲ್ಲ, ಹೆದರಬೇಡಿ ಎಂದಿದ್ದೀಯ. ನಾನೂ ಓದಿ ನೋಡಿದೆ. ವಿಸ್ಕಾನ್ಸಿನ್ ರಾಜ್ಯದ ರಸೀನ್ ಊರಿನ ಜಾನ್ ಹ್ಯಾಮ್ಸ್ ಎಂಬ ವಾಸ್ತುಶಿಲ್ಪಿ 1927ರಲ್ಲಿ ಇಂಥದೊಂದನ್ನು ಮೊದಲು ಮಾಡಿದರಂತೆ, 1935ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತಂತೆ. ಈಗಿನ ಬಹಳಷ್ಟು ಯಂತ್ರಗಳಲ್ಲಿ ಗರಗರನೆ ತಿರುಗುವ ಒಂದು ತಟ್ಟೆಯ ಮೇಲೆ ಸಡಿಲಾಗಿ ಕೂಡಿಸಿದ ಲೋಹದ ತುಂಡುಗಳಿದ್ದು, ಅವು ಮುಸುರೆಯನ್ನು ಸುತ್ತಲಿನ ಹಲ್ಲಿನ ಬಳೆಗೆ ಒತ್ತಿ ಅರೆಯುತ್ತವೆ. ತಟ್ಟೆ ನಿಮಿಷಕ್ಕೆ ಸಾವಿರ ಸುತ್ತಿಗೂ ಮೀರಿ ತಿರುಗುತ್ತದೆ. ಸ್ವಿಚ್ ತೆಗೆದ ಮೇಲೂ ಕೆಲ ಗಳಿಗೆ ನಿಲ್ಲುವುದಿಲ್ಲ. ಬ್ಲೇಡ್ ಇಲ್ಲವೆಂಬ ನಿನ್ನ ಮಾತು ಸರಿ. ಆದರೆ ನಿನ್ನ ಸಣ್ಣ ಕಾಕಾನ ಕೈಯನ್ನು ಎಳೆದುಕೊಂಡದ್ದೂ ಬ್ಲೇಡ್ ಅಲ್ಲ, ಮಗಳೇ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ರೋಲರ್.

ಕಾಕಾನ ಬಲಗೈಯ ಸಂಗತಿ ನಿಮಗೆಲ್ಲ ಗೊತ್ತಿದ್ದದ್ದೇ. ಅದರ ಹಿಂದಿನ ಗಳಿಗೆಯನ್ನು ನಾನು ಯಾರ ಮುಂದೆಯೂ ಆಡಿಲ್ಲ. ಅದೇ ಜಿನ್ನಿನಲ್ಲಿ ನಾನು ಕಾರಕೂನನಾಗಿದ್ದೆ, ಅಂಡಿಗೆಗಳ ತೂಕ ಬರೆಯುತ್ತಿದ್ದೆ. ಸುಗ್ಗಿಯ ದಿನಗಳು, ಅಂಗಳದ ತುಂಬ ಜಯಧರ ಹತ್ತಿ ಬಿದ್ದಿತ್ತು. ಕರೆಂಟು ಹೋಯಿತೆಂದು ಮಂದಿಯೆಲ್ಲ ಚಹಾ ಕುಡಿಯಲು ಎದ್ದರು. ಅವನೊಬ್ಬ ಬಾಗಿ ನಿಂತು, ಚರ್ಮದ ರೋಲರಿನ ಸಂದಿಯಲ್ಲಿ ಸಿಕ್ಕ ಅರಳೆಯನ್ನು ಉಗುರಿನಿಂದ ಎಳೆಎಳೆಯಾಗಿ ಬಿಡಿಸುತ್ತಿದ್ದ. ಆ ಮೋಟರಿಗೆ ಕರೆಂಟು ಹೋದರೆ ತಾನೇ ಬಿಟ್ಟುಕೊಳ್ಳುವ ಸ್ಟಾರ್ಟರ್ ಇರಲಿಲ್ಲ; ಸ್ವಿಚ್ ತೆಗೆಯದಿದ್ದರೆ ಕರೆಂಟು ಬಂದೊಡನೆ ತಾನೇ ತಿರುಗುವಂಥದು. ಸ್ವಿಚ್ ತೆಗೆದಿಲ್ಲವಲ್ಲೋ ಎಂಬ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ನಾಲ್ಕು ಮಂದಿಯ ಮುಂದೆ ತಮ್ಮನಿಗೆ ಬುದ್ಧಿ ಹೇಳಿದರೆ ಅವನಿಗೆ ನಾಚಿಕೆಯಾದೀತೆಂದು ನುಂಗಿಕೊಂಡೆ. ಅಷ್ಟರಲ್ಲಿ ಕರೆಂಟು ಬಂತು.

ಅದಕ್ಕೇ, ನಿನಗೆ ಬೇಸರವಾದರೂ ಚಿಂತೆಯಿಲ್ಲವೆಂದು ಬರೆಯುತ್ತಿದ್ದೇನೆ. ನಿನ್ನ ಯಂತ್ರದ ತಳದಲ್ಲಿ ಒಂದು ಕೆಂಪು ಗುಂಡಿ ಇರುತ್ತದೆ. ಒಳಗೆ ಏನಾದರೂ ಸಿಕ್ಕಿಕೊಂಡು ಮೋಟರ್ ಕಾದು ನಿಂತಾಗ ಆ ಗುಂಡಿಯನ್ನು ಒತ್ತಿದರೆ ಮತ್ತೆ ಶುರುವಾಗುತ್ತದೆ. ಗೋಡೆಯ ಸ್ವಿಚ್ ಹಾಕಿದಂತೆಯೇ ಇದ್ದರೆ ಒತ್ತಿದ ಕೂಡಲೇ ತಿರುಗುತ್ತದೆ. ನಿಂತ ಯಂತ್ರ ಸತ್ತ ಯಂತ್ರವೆಂದು ತಿಳಿಯಬೇಡ. ಬಹಳ ಯಂತ್ರಗಳಿಗೆ ತಳದ ನಡುವೆ ಆರು ಮೂಲೆಯ ತೂತಿರುತ್ತದೆ. ಅದಕ್ಕೆ ಹೊಂದುವ ಕೀಲಿಯನ್ನು ಸಿಕ್ಕಿಸಿ ಕೆಳಗಿನಿಂದಲೇ ಹಿಂದೆ ಮುಂದೆ ತಿರುಗಿಸಿದರೆ ಸಿಕ್ಕಿದ್ದು ಸಡಿಲಾಗುತ್ತದೆ. ಚಮಚ ಬಿದ್ದಿದ್ದರೆ ಟಾರ್ಚ್ ಬಿಟ್ಟು ನೋಡಿ ಇಕ್ಕಳದಿಂದ ತೆಗೆ. ಪ್ಲಗ್ ಕಿತ್ತ ಮೇಲೆಯೇ, ಪ್ಲಗ್ ಇಲ್ಲದಿದ್ದರೆ ಅದರ ಕರೆಂಟು ಕಡಿಯುವ ಬ್ರೇಕರ್ ಇಳಿಸಿದ ಮೇಲೆಯೇ. ಆಗಲೂ ಕೈ ಬೇಡ.

ವಾಸನೆಯ ವಿಷಯದಲ್ಲಿ ನಿನಗೆ ನಾನು ಹೇಳಹೊರಡುವುದು ಅಧಿಕಪ್ರಸಂಗ, ಅಡುಗೆಮನೆ ನಿನ್ನದು. ಓದಿದ್ದರಿಂದ ತಿಳಿದದ್ದು ಇಷ್ಟೇ: ನಾತ ಹೆಚ್ಚಾಗಿ ಒಳಗಿನದಲ್ಲ, ಬಾಯಿಯಲ್ಲಿರುವ ರಬ್ಬರಿನ ಪಟ್ಟಿಗಳ ಕೆಳಮೈಯದು. ಎಷ್ಟೋ ಯಂತ್ರಗಳಲ್ಲಿ ಆ ರಬ್ಬರನ್ನು ಮೇಲಿನಿಂದಲೇ ಬಿಚ್ಚಿ ತೆಗೆದು, ಪಾತ್ರೆ ತೊಳೆಯುವ ಸೋಪು ಹಚ್ಚಿ ಹಳೆಯ ಹಲ್ಲಿನ ಬ್ರಷ್ಷಿನಿಂದ ತಿಕ್ಕಬಹುದಂತೆ. ಬಿಚ್ಚಲು ಬಾರದಿದ್ದರೆ, ಕರೆಂಟು ಕಡಿದ ಮೇಲೆ, ಉದ್ದ ಹಿಡಿಕೆಯ ಬ್ರಷ್ ಸಾಕು. ಒಳಭಾಗಕ್ಕೆ ಒಂದಿಷ್ಟು ಐಸು, ಒಂದು ಹಿಡಿ ಕಲ್ಲುಪ್ಪು ಹಾಕಿ ತಣ್ಣೀರು ಬಿಟ್ಟು ತಿರುಗಿಸಿದರೆ ಅಂಟಿದ್ದು ಉಜ್ಜಿಕೊಂಡು ಹೋಗುತ್ತದೆ. ಲಿಂಬೆ ಸಿಪ್ಪೆ ಪರಿಮಳ ಕೊಡುತ್ತದೆ, ಲೋಳೆಯನ್ನು ತೆಗೆಯುವುದಿಲ್ಲ. ಅಡುಗೆ ಸೋಡಾ ಮತ್ತು ವಿನೆಗರ್ ಹಾಕುವುದಿದ್ದರೆ ಹಾಕು; ವಿನೆಗರ್ ಇದ್ದಲ್ಲಿ ಬ್ಲೀಚ್ ಮಾತ್ರ ಹಾಕಬೇಡ, ಕ್ಲೋರಿನ್ ಅನಿಲ ಏಳುತ್ತದೆ. ಒಗ್ಗರಣೆಯ ಎಣ್ಣೆ, ಮಿಕ್ಕ ಅನ್ನ, ನುಗ್ಗೆಕಾಯಿಯ ನಾರು ಇವು ಅದಕ್ಕೆ ಆಗಿಬರುವುದಿಲ್ಲ. ಅವು ಸಿಕ್ಕಿಕೊಂಡಾಗಲೇ ಕೈ ಒಳಗೆ ಹೋಗುವುದು. ನನ್ನ ಚಿಂತೆ ಇರುವುದೂ ಅಲ್ಲಿಯೇ.

ಈ ವಿಷಯವನ್ನು ಕಾಕಾನಿಗೆ ತಿಳಿಸಿಲ್ಲ. ತಿಳಿಸಿದರೆ ಅವನು ನಿನಗೆ ಹಗಲೂ ರಾತ್ರಿ ಫೋನ್ ಮಾಡುತ್ತಾನೆ. ಬಾಡಿಗೆ ಮನೆಯಾದರೂ ಪರವಾಗಿಲ್ಲ, ಆ ಸ್ವಿಚ್ಚಿಗೆ ಕೂಸಿನ ಕೈಗೆ ತೆರೆಯದಂಥ ಮುಚ್ಚಳ ಹಾಕಿಕೊಡಲು ಮಾಲೀಕರನ್ನು ಕೇಳು. ಅದಾಗುವವರೆಗೆ ಯಂತ್ರ ತೊಳೆಯುವಾಗ ಕೂಸು ಕಟ್ಟೆಯ ಮೇಲೆ ಬೇಡ, ಬೇರೆ ಕೋಣೆಯಲ್ಲಿ ಅವರಪ್ಪನ ಹತ್ತಿರ ಇರಲಿ. ಮುಂದಿನ ಪತ್ರದಲ್ಲಿ ಬೇರೇನೂ ಬರೆಯದಿದ್ದರೂ ನಡೆದೀತು. ಯಂತ್ರದ ಪ್ಲಗ್ ಸಿಂಕಿನ ಕೆಳಗೆ ಕೈಗೆ ನಿಲುಕುತ್ತದೆಯೋ ಇಲ್ಲವೋ, ಇಲ್ಲದಿದ್ದರೆ ಅದರ ಬ್ರೇಕರ್ ಯಾವುದೆಂದು ಗುರುತು ಹಚ್ಚಿದ್ದೀಯೋ ಇಲ್ಲವೋ, ಅದನ್ನು ತಪ್ಪದೆ ಬರೆ.

ಇಂತಿ ನಿನ್ನ ಶ್ರೇಯಸ್ಸು ಬಯಸುವ
ದೊಡ್ಡಪ್ಪ