ಸದ್ದು ಎಲ್ಲಿಂದ ಬಂತೆಂದು ಮೊದಲು ಬರೆಯಿರಿ

ಪ್ರಿಯ ಮಿತ್ರರೇ, ನಮಸ್ಕಾರ.

ಬ್ರಿಟಿಷ್ ಚಲನಚಿತ್ರ ಕಲಾವಿದೆ ಲಿಸ್ ರೋಡ್ಸ್ ಅವರ ‘ಲೈಟ್ ಮ್ಯೂಸಿಕ್’ ಎಂಬ ಪ್ರಾಯೋಗಿಕ ಚಿತ್ರಕೃತಿಯ ಕುರಿತು ನೀವು ಲಂಡನ್ನಿನಿಂದ ಕಳಿಸಿದ ಲೇಖನದ ಕರಡನ್ನು ಓದಿದೆ. ಕಿವಿಗಡಚಿಕ್ಕುವ ಸದ್ದು, ಕಣ್ಣು ಕೋರೈಸುವ ಬೆಳಕು, ಮಬ್ಬಿನೊಳಗೆ ಓಡಾಡುವ ನೆರಳುಗಳು, ಒಟ್ಟಿನಲ್ಲಿ ‘ವರ್ಣನಾತೀತ ಅನುಭವ’ ಎಂದು ಮೊದಲ ಪುಟದಲ್ಲಿಯೇ ಬರೆದಿದ್ದೀರಿ. ವರ್ಣನಾತೀತವೆಂದ ಮೇಲೂ ಮೂರು ಪುಟ ವರ್ಣಿಸಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಪ್ರೊಜೆಕ್ಟರುಗಳು ಎಷ್ಟಿದ್ದವು, ಎಲ್ಲಿದ್ದವು, ಸದ್ದು ಯಾವುದರಿಂದ ಹುಟ್ಟುತ್ತಿತ್ತು ಎಂಬುದು ಆ ಪುಟಗಳಲ್ಲಿ ಎಲ್ಲಿಯೂ ಸಿಗುವುದಿಲ್ಲ. ಇಂಥ ಕೃತಿಗಳಲ್ಲಿ ಪಾತ್ರಗಳಿಲ್ಲ, ಕಥೆಯಿಲ್ಲ. ಯಂತ್ರಗಳನ್ನು ಹೇಗೆ ಹೂಡಿದ್ದಾರೆ ಎಂಬುದೇ ಅಲ್ಲಿನ ವಸ್ತು. ಅದನ್ನು ಬಿಟ್ಟರೆ ಓದುಗರಿಗೆ ಉಳಿಯುವುದು ನಿಮ್ಮ ಬೆರಗು ಮಾತ್ರ.

1975ರ ಈ ಕೃತಿಯಲ್ಲಿ ಎರಡು 16 ಎಂಎಂ ಪ್ರೊಜೆಕ್ಟರುಗಳು ಕೋಣೆಯ ಎರಡು ತುದಿಗಳಿಂದ ಎದುರುಬದುರಾಗಿ ಬೆಳಕು ಚೆಲ್ಲುತ್ತವೆ. ಪರದೆಗಳ ಮೇಲೆ ಕಾಣುವುದು ದಪ್ಪವಾಗುತ್ತ, ತೆಳುವಾಗುತ್ತ ಸಾಗುವ ಕಪ್ಪು ಬಿಳುಪಿನ ಗೆರೆಗಳು. ಫಿಲ್ಮಿನ ಅಂಚಿನಲ್ಲಿ ಧ್ವನಿಗೆಂದು ಮೀಸಲಾದ ಸಣ್ಣ ಪಟ್ಟಿಯೊಂದಿರುತ್ತದೆ. ಅದರ ಮೂಲಕ ಹಾಯುವ ಬೆಳಕಿನ ಏರಿಳಿತವನ್ನು ಯಂತ್ರದೊಳಗಿನ ದ್ಯುತಿಕೋಶ ವಿದ್ಯುತ್ತಾಗಿ ಬದಲಿಸಿ ಸ್ಪೀಕರಿಗೆ ಕಳಿಸುತ್ತದೆ. ರೋಡ್ಸ್ ಪರದೆಯ ಗೆರೆಗಳನ್ನೇ ಆ ಪಟ್ಟಿಯ ಮೇಲೂ ಮೂಡಿಸಿದರು. ಗೆರೆಗಳು ಒತ್ತಾದಾಗ ಸ್ವರ ಏರುತ್ತದೆ, ವಿರಳವಾದಾಗ ಇಳಿಯುತ್ತದೆ. ಹಾಗಾಗಿ ನೀವು ‘ಹಿನ್ನೆಲೆ ಸಂಗೀತ’ ಎಂದು ಕರೆದದ್ದು ಹಿನ್ನೆಲೆಯೇ ಅಲ್ಲ. ಕಣ್ಣಿಗೆ ಕಂಡ ಗೆರೆಯೇ ಕಿವಿಗೂ ಬಿದ್ದಿತ್ತು. (ಸಾಮಾನ್ಯವಾಗಿ 16 ಎಂಎಂ ಯಂತ್ರದಲ್ಲಿ ಚಿತ್ರ ಮೂಡುವ ಕಿಂಡಿಗೂ ಧ್ವನಿಯನ್ನು ಓದುವ ಜಾಗಕ್ಕೂ 26 ಫ್ರೇಮುಗಳ ಅಂತರವಿರುತ್ತದೆ. ಹಾಗಾಗಿ ಒಂದೇ ಗೆರೆ ಕಾಣುವುದೂ ಕೇಳುವುದೂ ಒಂದೇ ಕ್ಷಣದಲ್ಲಿ ಆಗದಿರಬಹುದು; ‘ಏಕಕಾಲಕ್ಕೆ’ ಎಂದು ಬರೆಯುವ ಮೊದಲು ಒಮ್ಮೆ ಯೋಚಿಸಿ.) ಇಷ್ಟು ತಿಳಿದ ಮೇಲೆ ಆ ಸದ್ದನ್ನು ‘ಕರ್ಕಶ’ ಎಂಬ ಒಂದೇ ಪದದಲ್ಲಿ ಮುಗಿಸಲು ನಿಮಗೇ ಮನಸ್ಸು ಬಾರದು.

ಯುರೋಪಿನ ಸಂಗೀತದಲ್ಲಿ ಮಹಿಳಾ ಸಂಯೋಜಕರಿಗೆ ಸಿಗದ ಗಮನವೂ ರೋಡ್ಸ್ ಅವರನ್ನು ಈ ಕೃತಿಗೆ ಹಚ್ಚಿತೆಂಬುದನ್ನು ನೀವು ಕೊನೆಯ ಪ್ಯಾರಾದಲ್ಲಿ ಮಾಹಿತಿಯಂತೆ ಅಂಟಿಸಿದ್ದೀರಿ. ಅದರ ಜಾಗ ಗೆರೆಗಳ ವಿವರಣೆಯ ಪಕ್ಕದಲ್ಲಿದೆ. ವಾದ್ಯವೃಂದವಿಲ್ಲದೆ, ಗೆರೆ ಬರೆದೇ ಸಂಗೀತ ಕಟ್ಟಿದ ಹೆಣ್ಣೊಬ್ಬಳ ಹಟ ಅಲ್ಲಿ ತಾನಾಗಿ ಕಾಣುತ್ತದೆ.

ನೆರಳಿನ ವಿಚಾರಕ್ಕೆ ಬಂದಾಗ, ಇದು ‘ನಮ್ಮ ತೊಗಲುಗೊಂಬೆಯಾಟದ ಆಧುನಿಕ ಅವತಾರ’ ಎಂದಿದ್ದೀರಿ. ಊರಿನ ನೆನಪಾದದ್ದು ಸಹಜ, ಆದರೆ ಹೋಲಿಕೆಯನ್ನು ಅರ್ಧಕ್ಕೇ ಕೈಬಿಟ್ಟಿದ್ದೀರಿ. ತೊಗಲುಗೊಂಬೆಯಾಟದಲ್ಲಿ ದೀಪವೂ ಆಡಿಸುವವರೂ ಪರದೆಯ ಹಿಂದಿರುತ್ತಾರೆ. ಹದಮಾಡಿ ಬಣ್ಣ ಹಚ್ಚಿದ ತೊಗಲಿನ ಮೂಲಕ ಬೆಳಕು ಹಾಯುವುದರಿಂದ ಆಕೃತಿಗೆ ಬಣ್ಣ ಬರುತ್ತದೆ. ಲಂಡನ್ನಿನಲ್ಲೇ ಕೆಲಸ ಮಾಡಿದ ಚಲನಚಿತ್ರ ಕಲಾವಿದ ಮಾಲ್ಕಂ ಲೆ ಗ್ರೀಸ್ 1971ರಲ್ಲಿ ಮಾಡಿದ ‘ಹಾರರ್ ಫಿಲ್ಮ್ 1’ರಲ್ಲಿಯೂ ಬಣ್ಣದ ನೆರಳುಗಳಿವೆ, ಆದರೆ ಅವುಗಳ ಕಾರಣವೇ ಬೇರೆ. ಮೂರು ಪ್ರೊಜೆಕ್ಟರುಗಳ ಬಣ್ಣದ ಬೆಳಕು ಒಂದರ ಮೇಲೊಂದು ಬೀಳುತ್ತಿರುವಾಗ ಕಲಾವಿದ ಕೈಚಾಚಿ ಪರದೆಯ ಬಳಿಯಿಂದ ಯಂತ್ರಗಳತ್ತ ಹಿಂದಕ್ಕೆ ಸರಿಯುತ್ತಾನೆ; ಅವನ ಮೈ ಒಂದು ಬಣ್ಣವನ್ನು ತಡೆದ ಜಾಗದಲ್ಲಿ ಉಳಿದ ಬಣ್ಣಗಳು ಕಾಣುತ್ತವೆ, ಹಿಂದೆ ಬಂದಷ್ಟೂ ನೆರಳು ಬೆಳೆಯುತ್ತದೆ, ಕೇಳುವುದು ಉಸಿರಾಟದ ಸದ್ದು. ಅಲ್ಲಿ ಬಣ್ಣ ಬರುವುದು ತೊಗಲು ಬೆಳಕನ್ನು ಹಾಯಗೊಡುವುದರಿಂದ, ಇಲ್ಲಿ ದೇಹ ಅದನ್ನು ತಡೆಯುವುದರಿಂದ. ಅಲ್ಲಿ ಆಡಿಸುವವರು ಮರೆಯಲ್ಲಿ, ಇಲ್ಲಿ ಎದುರಿಗೇ. ಹೋಲಿಕೆಯನ್ನು ಈ ವ್ಯತ್ಯಾಸದವರೆಗೆ ಒಯ್ಯುವುದಾದರೆ ಇಟ್ಟುಕೊಳ್ಳಿ, ಇಲ್ಲವಾದರೆ ಹೊಡೆದುಹಾಕಿ.

‘ಲೈಟ್ ಮ್ಯೂಸಿಕ್’ನಲ್ಲಿಯಂತೂ ನೆರಳು ನೋಡುಗರದೇ. ಎರಡು ಬೆಳಕಿನ ನಡುವೆ ನಿಂತವರು ಯಾವ ಕಡೆ ತಿರುಗಿದರೂ ಒಂದು ಪರದೆ ಬೆನ್ನ ಹಿಂದೆ ಉಳಿಯುತ್ತದೆ. ನೀವು ಎಲ್ಲಿ ನಿಂತಿರಿ? ಬೆಳಕಿಗೆ ಅಡ್ಡ ಬರಲು ಸಂಕೋಚಪಟ್ಟಿರೋ, ಬೇಕೆಂದೇ ಕೈ ಆಡಿಸಿದಿರೋ? ಕರಡಿನಲ್ಲಿ ‘ಪ್ರೇಕ್ಷಕರು’ ಇದ್ದಾರೆ, ನೀವಿಲ್ಲ. ಸುಮಾರು 25 ನಿಮಿಷದ ಆ ಪ್ರದರ್ಶನದ ನಡುವೆ ಬೇಸರವಾಗಿದ್ದರೆ ಅದನ್ನೂ ಬರೆಯಿರಿ; ಯಾವ ಗೆರೆಗಳು ಓಡುತ್ತಿದ್ದಾಗ ಬೇಸರವಾಯಿತು, ಮತ್ತೆ ಯಾವುದಕ್ಕೆ ತಲೆಯೆತ್ತಿದಿರಿ ಎಂಬುದು ‘ಅದ್ಭುತ’ ಎಂಬುದಕ್ಕಿಂತ ಹೆಚ್ಚು ತಿಳಿಸುತ್ತದೆ.

ತಿದ್ದಿದ ಪ್ರತಿಯನ್ನು ನಿಧಾನವಾಗಿ ಕಳಿಸಿ. ‘ಬೆಳಕಿನ ಕಾವ್ಯ’ ಎಂಬ ಶೀರ್ಷಿಕೆಯನ್ನೂ ದಯವಿಟ್ಟು ಬದಲಿಸಿ. ಸದ್ದಿಗೆ ಅದರಲ್ಲಿ ಜಾಗವೇ ಇಲ್ಲ.

ಇತಿ,
ನಿಮ್ಮ ವಿಶ್ವಾಸಿ