ನಿಲ್ಲುವುದನ್ನು ಕಲಿಸಿ ಮನೆಗೆ ಕಳಿಸಿ

ಮಾನ್ಯ ಸಂಪಾದಕರೇ,

ಅ. 29ರ ವಿಶ್ವ ಪಾರ್ಶ್ವವಾಯು ದಿನಕ್ಕೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ತಡ ಮಾಡಬೇಡಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನು ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು ಎಂದೆಲ್ಲ ಸರಿಯಾಗಿಯೇ ಬರೆದಿದ್ದೀರಿ. ಮನೆಗೆ ಬಂದ ಮೇಲೆ ಏನು ಎನ್ನುವುದಕ್ಕೆ ಮಾತ್ರ ಒಂದು ಸಾಲೂ ಇರಲಿಲ್ಲ.

ನಾನು ಬಿಟಿಎಸ್ ಕಾಲದಲ್ಲಿ ಕಂಡಕ್ಟರಾಗಿ ಸೇರಿ ಬಿಎಂಟಿಸಿಯಲ್ಲಿ ನಿವೃತ್ತನಾದವನು. ಡ್ರೈವರ್ ಎಷ್ಟೇ ಜೋರಾಗಿ ಬ್ರೇಕ್ ಒತ್ತಲಿ, ಮೆಜೆಸ್ಟಿಕ್‌ನಿಂದ ಬನಶಂಕರಿವರೆಗೂ ಕಂಬಿ ಹಿಡಿಯದೆ ಟಿಕೆಟ್ ಹರಿದು ಚಿಲ್ಲರೆ ಎಣಿಸಿದವನು. ಅಂಥವನು ಕಳೆದ ವರ್ಷ ಎಡಭಾಗಕ್ಕೆ ಲಕ್ವ ಹೊಡೆದು, ಆಸ್ಪತ್ರೆಯಿಂದ ಬಂದ ಎಂಟನೇ ದಿನ ಬಚ್ಚಲಲ್ಲಿ ಚೊಂಬಿಗೆ ಬಗ್ಗಿ ಬಿದ್ದೆ. ಡಿಸ್ಚಾರ್ಜ್ ಚೀಟಿಯಲ್ಲಿ ಇದ್ದದ್ದು ‘ಫಿಸಿಯೋಥೆರಪಿ ಮಾಡಿಸಿ’ ಅಂತ ಅಷ್ಟೇ. ನಾವು ಅದನ್ನು ಎಣ್ಣೆ ತಿಕ್ಕಿ ಕೈಕಾಲು ಎಳೆಯುವುದು ಅಂದುಕೊಂಡಿದ್ದೆವು. ಪಾರಿವಾಳದ ರಕ್ತ ಸವರಿ ಎಂದ ನೆಂಟರೂ ಇದ್ದರು, ಬಿಡಿ.

ಬಿದ್ದ ಮೇಲೆ ಸಿಕ್ಕ ಫಿಸಿಯೋ ಮೇಡಂ ಮೊದಲ ದಿನ ಕಾಲು ಮುಟ್ಟಲೂ ಇಲ್ಲ. ತೂಕದ ಎರಡು ಮೆಷಿನ್ ಪಕ್ಕಪಕ್ಕ ಇಟ್ಟು, ಒಂದೊಂದರ ಮೇಲೆ ಒಂದೊಂದು ಪಾದ ಇಡಿಸಿ ನಿಲ್ಲಿಸಿದರು. ಬಲಗಾಲಿನ ಕೆಳಗೆ 45 ಕೆ.ಜಿ., ಎಡಗಾಲಿನ ಕೆಳಗೆ 19. ನೆಟ್ಟಗೆ ನಿಂತಿದ್ದೇನೆ ಅಂತಲೇ ನನ್ನ ನಂಬಿಕೆ! ಆಮೇಲೆ ಬರ್ಗ್ ಪರೀಕ್ಷೆ, ಅಂದರೆ ಬೀಳದೆ ಸಮತೋಲ ಎಷ್ಟು ಕಾಯ್ದುಕೊಳ್ಳುತ್ತೇವೆ ಎಂದು ಅಳೆಯುವುದು. ಕೈಯೂರದೆ ಕುರ್ಚಿಯಿಂದ ಏಳುವುದು, ಕಣ್ಣು ಮುಚ್ಚಿ ನಿಲ್ಲುವುದು, ನೆಲದ ಮೇಲಿನ ಚಪ್ಪಲಿ ಎತ್ತುವುದು, ನಿಂತಲ್ಲೇ ಒಂದು ಸುತ್ತು ತಿರುಗುವುದು, ಇಂಥ 14 ಕೆಲಸ. ಒಂದೊಂದಕ್ಕೆ 4ರಂತೆ ಒಟ್ಟು 56 ಅಂಕ. 45ಕ್ಕಿಂತ ಕೆಳಗಿದ್ದರೆ ಬೀಳುವ ಭಯ ಜಾಸ್ತಿಯಂತೆ. ನನಗೆ ಬಂದದ್ದು 28.

ಅಭ್ಯಾಸ ಮಾಡಿದ್ದು ಅಡುಗೆಮನೆ ಕಟ್ಟೆಯ ಮುಂದೆ. ಹಿಂದೆ ಕುರ್ಚಿ, ಸೋತ ಎಡಗಡೆಗೆ ನಮ್ಮ ಮನೆಯವಳು, ಅವಳ ಕೈಯಲ್ಲಿ ನನ್ನ ಸೊಂಟದ ಬೆಲ್ಟು. (ಸೋತ ಕೈ ಹಿಡಿದು ಎಳೆಯಬಾರದು, ಭುಜದ ಕೀಲು ಜಾರುತ್ತದೆ.) ಎಡಕ್ಕೆ ವಾಲಿ ಸಾಸಿವೆ ಡಬ್ಬ ತೆಗೆ, ಬಲಕ್ಕೆ ಇಡು, ಮತ್ತೆ ಎಡಕ್ಕೆ ಇಡು. ದಿನಕ್ಕೆ ಎಷ್ಟು ಸಲವೋ ಲೆಕ್ಕವಿಲ್ಲ. ಅವಳ ಒಗ್ಗರಣೆ ಸೀದದ್ದಕ್ಕೂ ಲೆಕ್ಕವಿಲ್ಲ. ಏಳು ತಿಂಗಳಿಗೆ ತೂಕ 35–29ಕ್ಕೆ ಬಂತು, ಅಂಕ 47 ಆಯಿತು.

ಈ ಬರ್ಗ್ ಪರೀಕ್ಷೆಗೆ ಬೇಕಾದದ್ದು ಎರಡು ಕುರ್ಚಿ, ಒಂದು ಸ್ಟೂಲು, ಒಂದು ಸ್ಕೇಲು, ಒಂದು ಗಡಿಯಾರ. ಮನೆಗೆ ಕಳಿಸುವ ಮುಂಚೆ ಆಸ್ಪತ್ರೆಯಲ್ಲೇ ಮಾಡಿ ಬಿ.ಪಿ., ಶುಗರ್ ಬರೆದ ಚೀಟಿಯಲ್ಲೇ ಆ ಅಂಕವನ್ನೂ ಬರೆಯಲಿ. ಜತೆಗಿದ್ದವರಿಗೆ ಬೆಲ್ಟು ಹಿಡಿಯುವುದನ್ನು ತೋರಿಸಿಕೊಡಲಿ.

ಈಗ ಮತ್ತೆ ಬಸ್ ಹತ್ತುತ್ತೇನೆ, ಕಂಬಿ ಹಿಡಿದುಕೊಂಡೇ. ಕಂಡಕ್ಟರ್ ಮಿತ್ರರಲ್ಲೂ ಒಂದು ಕೋರಿಕೆ: ಕೋಲು ಹಿಡಿದವರು ಕೂತ ಮೇಲೆ ವಿಷಲ್ ಊದಿ. ನಾನು ಎಷ್ಟೋ ಸಲ ಕಾಯದೆ ಊದಿದ್ದೇನೆ.

– ನಿವೃತ್ತ ಕಂಡಕ್ಟರ್, ಹನುಮಂತನಗರ, ಬೆಂಗಳೂರು